ದುಬೈ ಬಂಪರ್

ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದಾಗ ತಮ್ಮ ಸದಾನಂದನ ವಾಟ್ಸಾಪ್ ಬಂತು. ತನ್ನ ಹಳದಿ ಸ್ಪೋರ್ಟ್ಸ್ ಕಾರನ್ನು ಮಾರುತ್ತಾನಂತೆ. ಜಾಹೀರಾತನ್ನು ಇಂಗ್ಲಿಷಿನಲ್ಲಿ ಬರೆದು, "ಅಣ್ಣಾ, ತಪ್ಪಿದ್ರೆ ತಿದ್ದಿ ಕಳಿಸು" ಎಂದಿದ್ದ. ಇಂಗ್ಲಿಷ್ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಇಂಥ ಕೆಲಸಗಳು ಬರುತ್ತಲೇ ಇರುತ್ತವೆ. ಕನ್ನಡಕ ಏರಿಸಿ ಓದಿದೆ. ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಮೂರನೆಯ ಸಾಲಿನಲ್ಲಿ ಮಾತ್ರ ಕಾಫಿ ನೆತ್ತಿಗೇರಿತು. ಗಾಳಿಯ ತಡೆ ಕಡಿಮೆಯಾಗಲೆಂದು ದುಬೈಯಲ್ಲಿ ವಿಶೇಷವಾಗಿ ಮಾಡಿಸಿದ ಹಿಂದಿನ ಬಂಪರ್, ಎಂದಿತ್ತು ಅಲ್ಲಿ.

ದುಬೈಯಂತೆ, ದುಬೈ! ಆ ಬಂಪರ್ ಕೊರೆದದ್ದು ನಮ್ಮ ಕಾಪುವಿನ ಫೆಲಿಕ್ಸ್. ಅದಕ್ಕೆ ನನ್ನ ಮಫ್ಲರೇ ಸಾಕ್ಷಿ. ಮಫ್ಲರಿನ ಕಥೆ ಆಮೇಲೆ ಹೇಳುತ್ತೇನೆ, ಮೊದಲು ಸ್ವಲ್ಪ ನೀರು ಕುಡಿಯುತ್ತೇನೆ.

ಫೆಲಿಕ್ಸ್ ಅವರದ್ದು ಮೀನುಗಾರರ ಫೈಬರ್ ದೋಣಿಗಳನ್ನು ರಿಪೇರಿ ಮಾಡುವ ಕೆಲಸ. ಅವರ ಮಗಳಿಗೆ ನಾನು ಪಾಠ ಹೇಳಿದ್ದೆ. ನಿವೃತ್ತಿಯ ನಂತರ ವಾರಕ್ಕೊಮ್ಮೆಯಾದರೂ ಉಡುಪಿಯಿಂದ ಬಸ್ಸು ಹತ್ತಿ ಕಾಪುವಿನ ಆ ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಅಲ್ಲಿಯ ರಾಳದ ವಾಸನೆಗೆ ನನಗೆ ತಲೆನೋವು ಬರುತ್ತದೆ. ಆದರೆ ನನ್ನ ಮಾತನ್ನು ಅಷ್ಟು ಹೊತ್ತು ಕೇಳುವವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ತಮ್ಮ ಗಲ್ಫಿನಿಂದ ಬಂದು ಆ ಎರಡು ಸೀಟಿನ ಹಳೆಯ ಕಾರು ಕೊಂಡಾಗ ಮೊದಲು ಕಾಡಿದ್ದೇ ಈ ಬಂಪರ್. ವೇಗ ಏರಿದರೆ ಗಡಗಡ ನಡುಗುವುದು. ಅವನನ್ನು ಫೆಲಿಕ್ಸ್ ಹತ್ತಿರ ಕರೆದುಕೊಂಡು ಹೋದವನು ನಾನೇ. ಫೆಲಿಕ್ಸ್ ನೆಲದ ಮೇಲೆ ಗೋಣಿ ಹಾಸಿ, ಅಂಗಾತ ಮಲಗಿ, ಬಂಪರಿನ ಒಳಗೆ ಕೈ ಆಡಿಸಿದರು.

"ಕಾರಿನ ಅಡಿಯಿಂದ ಬಂದ ಗಾಳಿ ಇದರ ಹೊಟ್ಟೆಯಲ್ಲಿ ತುಂಬ್ತದೆ ಮಾಷ್ಟ್ರೆ. ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲ. ಗಾಳಿಗೆ ಕೊಡೆ ಬಿಡಿಸಿ ಎಳ್ಕೊಂಡು ಹೋದ ಹಾಗೆ."

"ಮತ್ತೆ ಎಂತ ಮಾಡುವುದು?"

"ದಾರಿ ಕೊಡುವುದು. ಅದಕ್ಕೆ ಮೊದಲು ಗಾಳಿ ಎಲ್ಲಿ ಸಿಕ್ಕಿ ಬೀಳ್ತದೆ ಅಂತ ನೋಡ್ಬೇಕು. ಉಣ್ಣೆ ನೂಲು ಉಂಟಾ?"

ಕರಾವಳಿಯ ಸೆಕೆಯಲ್ಲಿ ಉಣ್ಣೆ ಇಟ್ಟುಕೊಳ್ಳುವ ಮೂರ್ಖ ನಾನೊಬ್ಬನೇ. ಶಾಲೆಯವರು ಬೀಳ್ಕೊಡುವಾಗ ಕೊಟ್ಟ ಕೆಂಪು ಮಫ್ಲರಿನ ನೂಲು ಬಿಚ್ಚಿ, ಗೇಣುದ್ದದ ತುಂಡು ಮಾಡಿ, ಬಂಪರಿನ ತುಂಬ ಟೇಪಿನಿಂದ ಅಂಟಿಸಿದೆವು. ಕಾರ್ಕಳದ ಆಚೆ ಕುಕ್ಕುಂದೂರಿನ ದಾರಿಯಲ್ಲಿ ತಮ್ಮ ತನ್ನ ಕಾರಿನಲ್ಲಿ ಮುಂದೆ, ನನ್ನ ಮುದಿ ಮಾರುತಿಯಲ್ಲಿ ನಾವಿಬ್ಬರು ಹಿಂದೆ. ಮೇಲಿನ ನೂಲುಗಳು ನೆಟ್ಟಗೆ ಹಾರುತ್ತಿದ್ದವು, ಕೆಳ ಅಂಚಿನವು ಗಿರಗಿರ ಸುತ್ತುತ್ತಿದ್ದವು. "ಅಲ್ಲೇ, ಅಲ್ಲೇ!" ಎಂದು ಫೆಲಿಕ್ಸ್ ಕೂಗಿದರು. ನಾನು ಅದನ್ನು ನೋಡುತ್ತ ಮಾರುತಿಯನ್ನು ಚರಂಡಿಗೆ ಇಳಿಸುವುದೊಂದು ಬಾಕಿ.

ಆಮೇಲೆ ಒಂದು ವಾರದ ಕೆಲಸ. ಎರಡೂ ಬದಿಯಲ್ಲಿ ಗಾಳಿಗೆ ಕಂಡಿ ಕೊರೆದು, ಅಂಚಿಗೆ ಫೈಬರ್ ಕಟ್ಟಿ, ಉಜ್ಜಿ ಉಜ್ಜಿ ನಯ ಮಾಡಿದರು. ಮತ್ತೆ ನೂಲು ಅಂಟಿಸಿ ಓಡಿಸಿದೆವು. ಎಲ್ಲವೂ ಬಾಚಿದ ಕೂದಲಿನ ಹಾಗೆ ಹಿಂದಕ್ಕೆ ನಿಂತವು, ನಡುಕವೂ ಹೋಯಿತು. ಫೆಲಿಕ್ಸ್ ಮೂರು ಸಲ ಕಾರಿನ ಸುತ್ತ ಬಂದರು. ಜೀವಮಾನದಲ್ಲಿ ತಾನು ಮಾಡಿದ ಒಳ್ಳೆಯ ಕೆಲಸ ಇದೇ ಎಂದರು.

ಮುಂದಿನ ತಿಂಗಳು ಮಣಿಪಾಲದಲ್ಲಿ ಇಂಥ ಕಾರುಗಳವರ ಒಂದು ಕೂಟ. ಬನ್ನಿ, ನಿಮ್ಮ ಕೆಲಸವನ್ನು ಹತ್ತು ಜನ ನೋಡಲಿ ಎಂದು ಫೆಲಿಕ್ಸ್ ಅವರನ್ನು ಕರೆದವನೂ ನಾನೇ. ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು. ಯಾರೋ ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, "ಯಾರು ಮಾಡಿದ್ದು ಇದು?" ಎಂದು ಕೇಳಿದರು. ನನ್ನ ತಮ್ಮ ಕಣ್ಣು ಮಿಟುಕಿಸದೆ ಹೇಳಿದ: "ದುಬೈಯಲ್ಲಿ ಮಾಡಿಸಿದ್ದು." ಮೈಯೆಲ್ಲ ಉರಿದುಹೋಯಿತು. ಆದರೆ ನಾಲ್ಕು ಜನರೆದುರು ಒಡಹುಟ್ಟಿದವನ ಮಾನ ಕಳೆಯುವುದು ಹೇಗೆ? ಹಲ್ಲು ಕಚ್ಚಿ ನಿಂತೆ. ಬಸ್ ಸ್ಟ್ಯಾಂಡಿನಲ್ಲಿ ಫೆಲಿಕ್ಸ್, "ಪರವಾಗಿಲ್ಲ ಮಾಷ್ಟ್ರೆ, ಬರ್ತೇನೆ" ಎಂದರು. ಆಮೇಲೆ ಏನೇನೋ ನೆವದಲ್ಲಿ ನಾನು ಕಾಪುವಿಗೆ ಹೋಗುವುದು ತಪ್ಪಿತು.

ಮೂರು ವರ್ಷ ಆ ಸಿಟ್ಟನ್ನು ಸಾಕಿದ್ದೇನೆ. ಮೊನ್ನೆ ಅದಕ್ಕೊಂದು ದಾರಿ ಸಿಕ್ಕಿತು. ದುಬೈ ಹೊಡೆದು ಹಾಕಿ, ಕಾಪುವಿನ ಫೆಲಿಕ್ಸ್ ಎಂದು ಬರೆದು, ತಮ್ಮನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. "ಕಾಪು ಅಂದ್ರೆ ಯಾರು ತೆಕ್ಕೊಳ್ತಾರೆ ಮಾರಾಯ?" ಎಂದು ಗೊಣಗಿದ. ನಾನು ಬಿಡಲಿಲ್ಲ, ಕೊನೆಗೆ ಒಪ್ಪಿದ. ಯುದ್ಧ ಗೆದ್ದವನ ಹುಮ್ಮಸ್ಸಿನಲ್ಲಿ ಫೆಲಿಕ್ಸ್ ಅವರಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ.

"ಒಳ್ಳೆದಾಯ್ತು" ಎಂದರು. ಆಮೇಲೆ ಹೇಳಿದರು: "ಸದಾನಂದರ ಮೇಲೆ ನನಗೆ ಬೇಜಾರಿಲ್ಲ ಮಾಷ್ಟ್ರೆ. ಅವರು ಹಾಗೆಯೇ, ಗೊತ್ತುಂಟು. ಅವತ್ತು ನಾನು ನಿಮ್ಮ ಪಕ್ಕದಲ್ಲೇ ನಿಂತಿದ್ದೆ ಅಲ್ವಾ? ನೀವು ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ ನಿಮ್ಮ ಮುಖವನ್ನೇ ನೋಡ್ತಾ ಇದ್ದೆ."

ತಮ್ಮನನ್ನು ಅರ್ಧ ಗಂಟೆ ಬೈದ ನನಗೆ, ನನ್ನನ್ನು ಬೈದುಕೊಳ್ಳಲು ಒಂದು ಶಬ್ದವೂ ಸಿಗಲಿಲ್ಲ.