ಸಂದರ್ಶನದ ಮೇಜಿನ ಮೇಲಿನ ನೀರಿನ ಜಗ್ಗು

ಚೆನ್ನೈನ ತಾಂಬರಂ ಹತ್ತಿರದ ಒಂದು ಡಿಸೈನ್ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸಂದರ್ಶನವಿತ್ತು. ಎಲೆಕ್ಟ್ರಿಕ್ ಟ್ರೈನಿನಲ್ಲಿ ನಿಂತುಕೊಂಡೇ ಹೋದೆ. ಪ್ರಿನ್ಸಿಪಾಲರು ಮೈಸೂರು ಕಡೆಯವರು, ಬೆಳೆದದ್ದು ಚೆನ್ನೈನಲ್ಲಿ. ನನ್ನ ಕನ್ನಡ ಕೇಳಿ ಖುಷಿಪಟ್ಟರು. ಆಮೇಲೆ ಕನ್ನಡದಲ್ಲೇ ದಬಾಯಿಸಲು ಶುರುಮಾಡಿದರು.

“ಶಿಲ್ಪ ಕಲಿತಿರಿ, ಬಿಟ್ಟಿರಿ. ಅಪ್ಪುರಂ, ಅಂದ್ರೆ ಆಮೇಲೆ, ಮಿಕ್ಸಿ ಕಂಪನಿಯಲ್ಲಿ ಡಿಸೈನರ್ ಆದಿರಿ, ಅದೂ ಬಿಟ್ಟಿರಿ. ಈಗ ಫೋಟೋಗ್ರಾಫರ್ ಅಂತೀರಿ. ನಮ್ಮನ್ನ ಯಾವಾಗ ಬಿಡ್ತೀರಮ್ಮಾ?”

ಇದನ್ನೇ ಅಪ್ಪ, ಅತ್ತೆ, ಕೀಲ್ಪಾಕಿನ ನನ್ನ ಬಾಡಿಗೆ ಮನೆಯ ಓನರ್ ಎಲ್ಲರೂ ಕೇಳಿ ಕೇಳಿ ನನಗೆ ಸಾಕಾಗಿತ್ತು.

“ಯಾವುದನ್ನೂ ಬಿಟ್ಟಿಲ್ಲ ಸಾರ್. ಕಣ್ಣು, ಕೈ ಅವೇ ಅಲ್ವಾ?” ಅಂದೆ.

ಅವರು ನಂಬದ ಮುಖ ಮಾಡಿ ಜಗ್ಗಿನಿಂದ ನೀರು ಬಗ್ಗಿಸಿಕೊಂಡರು. ಅರ್ಧ ನೀರು ಜಗ್ಗಿನ ಹೊಟ್ಟೆಗುಂಟ ಇಳಿದು ಅವರ ಪ್ಯಾಂಟಿನ ಮೇಲೆ ಸುರಿಯಿತು.

ನನಗೆ ತಡೆಯಲಾಗಲಿಲ್ಲ. ಎದ್ದುಹೋಗಿ ಮೂಲೆಯಲ್ಲಿ ಹುಡುಗರ ಶಿಲ್ಪದ ಕ್ಲಾಸಿಗೆಂದು ಇಟ್ಟಿದ್ದ ಜೇಡಿಮಣ್ಣು ತಂದು, ಜಗ್ಗಿನ ಮೊಂಡು ಬಾಯಿಗೆ ಮೆತ್ತಿ, ಅಂಚನ್ನು ಚೂಪಾಗಿ ತಿದ್ದಿದೆ.

“ಅಯ್ಯೋ, ಕುಡಿಯೋ ನೀರಿಗೆ ಮಣ್ಣಾ!”

“ಕುಡೀಬೇಡಿ ಸಾರ್, ಸುಮ್ಮನೆ ನೋಡಿ.”

ಬಗ್ಗಿಸಿದೆ. ನೀರು ನೇರವಾಗಿ ಲೋಟಕ್ಕೆ ಬಿತ್ತು. ಒಂದು ಹನಿಯೂ ಆಚೆ ಹೋಗಲಿಲ್ಲ. ಅವರು ಜಗ್ಗು ಕಿತ್ತುಕೊಂಡು ಮತ್ತೆ ಮತ್ತೆ ಬಗ್ಗಿಸಿ ನೋಡಿದರು.

“ಇದನ್ನ ನಮ್ಮ ಹುಡುಗರು ಕಲೀಬೇಕಮ್ಮಾ,” ಅಂದರು.

ಕೆಲಸ ಸಿಕ್ಕಿತು. ಮೊದಲ ದಿನ ಟೈಮ್‌ಟೇಬಲ್ ನೋಡಿದರೆ ಶಿಲ್ಪ, ಡಿಸೈನ್, ಫೋಟೋಗ್ರಫಿ ಎಲ್ಲ ಬೇರೆಯವರ ಪಾಲಾಗಿತ್ತು. ನನಗೆ ಕೊಟ್ಟಿದ್ದು ಪರಿಸರ ಅಧ್ಯಯನ. ಸಿಟ್ಟಿನಿಂದ ಪ್ರಿನ್ಸಿಪಾಲರ ಹತ್ತಿರ ಹೋದೆ.

ಅವರು ನಕ್ಕು ಹೇಳಿದರು: “ಹೊಸದಾಗಿ ಶುರುಮಾಡೋದು ನಿಮಗೆ ಅಭ್ಯಾಸ ಇದೆಯಲ್ಲಮ್ಮಾ!”