ಬೀಸುವ ಕಲ್ಲಿನ ಮುಂದೆ ಇಬ್ಬರು

ಆಗಿನ ಕಾಲಕ್ಕೆ ಮಧುಗಿರಿಯ ನಮ್ಮ ಸಾಲುಮನೆಗಳಿಗೆ ಬೆಳಗಾಗುತ್ತಿದ್ದದ್ದು ಕೋಳಿ ಕೂಗಿ ಅಲ್ಲ, ರಾಗಿ ಬೀಸುವ ಕಲ್ಲು ಗರಗರ ಅಂದು. ಚರ್ಚಿನ ಹಿಂದೆ ಒಂದಕ್ಕೊಂದು ಗೋಡೆ ಅಂಟಿಸಿಕೊಂಡು ನಿಂತ ಮನೆಗಳು ಅವು. ಒಬ್ಬರು ಒಗ್ಗರಣೆ ಹಾಕಿದರೆ ಪಕ್ಕದವರು ಸೀನುತ್ತಿದ್ದರು. ಗೋಡೆಯ ಈಚೆ ನಮ್ಮಜ್ಜಿ ಎಸ್ತೇರಮ್ಮ, ಆಚೆ ಮಾರ್ತಮ್ಮಜ್ಜಿ. ರಕ್ತಸಂಬಂಧ ಏನೂ ಇಲ್ಲ. ಮದುವೆಯಾಗಿ ಒಂದೇ ವರ್ಷ ಆ ಸಾಲಿಗೆ ಬಂದವರು, ಅಷ್ಟೆ. ಅಂದಿನಿಂದ ನಮ್ಮ ಪಡಸಾಲೆಯ ಕಲ್ಲಿಗೆ ಎದುರುಬದುರು ಕೂತು, ಒಂದೇ ಗೂಟಕ್ಕೆ ಇಬ್ಬರೂ ಕೈ ಹಾಕಿ ಬೀಸಿದವರು. ಗೂಟದ ಕೆಳಗೆ ಅಜ್ಜಿಯ ಕೈ, ಮೇಲೆ ಮಾರ್ತಮ್ಮಜ್ಜಿಯ ಕೈ. ಕಲ್ಲಿನ ಬಾಯಿಗೆ ಹಿಡಿ ಹಿಡಿ ರಾಗಿ ಸುರಿಯುವುದು ನನ್ನ ಕೆಲಸ. ಚರ್ಚಿನ ಕೀರ್ತನೆಗಳನ್ನು ಅವರು ಬೀಸುವ ಪದದ ಧಾಟಿಗೆ ಎಳೆದು ಹಾಡುತ್ತಿದ್ದರು. ಭಾನುವಾರ ಅದೇ ಕೀರ್ತನೆಯನ್ನು ಹಾರ್ಮೋನಿಯಂ ಜೊತೆ ಕೇಳಿದರೆ ನನಗೆ ಏನೋ ಸಪ್ಪೆ ಅನ್ನಿಸುತ್ತಿತ್ತು. ರಾಗಿಹಿಟ್ಟಿನ ವಾಸನೆ ಇರುತ್ತಿರಲಿಲ್ಲವಲ್ಲ.

ನಾನು ನಾಲ್ಕನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಪಾವಗಡದ ಕಡೆಯಿಂದ ಒಬ್ಬರು ಉಪದೇಶಿ ಬಂದರು. ಕೆರೆ ಏರಿಯ ಕೆಳಗೆ, ಹುಣಸೆ ಮರಗಳ ನೆರಳಲ್ಲಿ ತೆಂಗಿನ ಗರಿಯ ಪೆಂಡಾಲು ಹಾಕಿಸಿದರು. ಎತ್ತರದ ಆಳು, ಒಳ್ಳೆಯ ಕಂಠ, ಅರ್ಧ ಕನ್ನಡ ಅರ್ಧ ತೆಲುಗು. ಅವರು ಹೇಳುತ್ತಿದ್ದದ್ದು ಒಂದೇ ವಿಷಯ: ಯೇಸುಸ್ವಾಮಿ ಮತ್ತೆ ಬರುವ ಕಾಲ ಹತ್ತಿರವಾಯಿತು, ತುತ್ತೂರಿ ಊದಿದ ಕ್ಷಣಕ್ಕೆ ನಂಬಿದವರನ್ನೆಲ್ಲ ಗುಟ್ಟಾಗಿ ಮೋಡಕ್ಕೆ ಎತ್ತಿಕೊಳ್ಳುತ್ತಾನೆ, ಉಳಿದವರು ಇಲ್ಲೇ ಕಷ್ಟಕ್ಕೆ ಸಿಕ್ಕುತ್ತಾರೆ. ಪ್ರತಿ ಮಾತಿನ ಕೊನೆಗೂ ಕೈ ಎತ್ತಿ, “ಸಿದ್ಧಂಗಾ ಉಂಡಾಲಿ!” ಎನ್ನುತ್ತಿದ್ದರು. ಸಿದ್ಧವಾಗಿರಬೇಕು ಅಂತ ಅದರ ಅರ್ಥ. ತೆಲುಗು ಬಾರದ ನಮಗೆ ಕೇಳಿಸಿದ್ದು ‘ಉಂಡು’ ಮಾತ್ರ.

“ಉಂಡು ರೆಡಿಯಾಗಿರ್ಬೇಕಂತೆ ಕಣಜ್ಜಿ,” ಅಂದೆ ಮನೆಗೆ ಬಂದು.

“ಅದೊಂದು ಸರಿಯಾಗಿ ಹೇಳವ್ರೆ ಬುಡು,” ಅಂದಳು ಅಜ್ಜಿ. “ಮೋಡದ ದಾರೀಲಿ ಹೋಟ್ಲು ಇರ್ತದಾ?”

ನಮಗಂತೂ ಆ ಬೇಸಿಗೆಗೆ ಹೊಸ ಆಟ ಸಿಕ್ಕಿತು. ಒಬ್ಬರು ಪರಂಗಿ ಎಲೆಯ ದಂಟನ್ನು ತುತ್ತೂರಿ ಮಾಡಿ ಊದುವುದು. ಊದಿದ ತಕ್ಷಣ ಎಲ್ಲರೂ ಜಗಲಿಗೋ ಗೋಡೆಗೋ ಮರಕ್ಕೋ ಹತ್ತಿಬಿಡಬೇಕು. ಕೊನೆಗೆ ನೆಲದ ಮೇಲೆ ಕಾಲಿದ್ದವರು ‘ಉಳಿದವರು’. ಉಳಿದವರಿಗೆ ಹುಣಸೆಕಾಯಿಯಲ್ಲಿ ಪಾಲಿಲ್ಲ. ಸ್ವಾಮಿ ಬಂದರೆ ಮಧುಗಿರಿ ಬೆಟ್ಟದ ಮೇಲೇ ಬರುವುದು ಅಂತ ನಾವು ಮಕ್ಕಳೆಲ್ಲ ಒಮ್ಮತದಿಂದ ತೀರ್ಮಾನಿಸಿದ್ದೆವು. ಅಷ್ಟು ದೊಡ್ಡ ಒಂಟಿ ಬಂಡೆ ಇರುವಾಗ ಇನ್ನೆಲ್ಲಿ ಇಳಿಯುತ್ತಾನೆ?

ತಾತ ಮಿಷನ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಅವರು ಪೆಂಡಾಲಿಗೆ ಹೋಗಲಿಲ್ಲ. ಉಪದೇಶಿಗಳನ್ನೇ ಜಗಲಿಗೆ ಕರೆಸಿದರು.

“ಆರ್ಭಟ, ದೇವದೂತನ ಕೂಗು, ತುತ್ತೂರಿ, ಇಷ್ಟೆಲ್ಲ ಸದ್ದಿರ್ತದೆ ಅಂತ ನೀವೇ ಹೇಳ್ತೀರಿ. ಆಮೇಲೆ ಗುಟ್ಟಾಗಿ ಅಂತೀರಿ. ಇಷ್ಟು ಗಲಾಟೆ ಇರೋ ಗುಟ್ಟು ಯಾವುದು ಸ್ವಾಮಿ?”

“ನಂಬಿದೋರಿಗೆ ಮಾತ್ರ ಕೇಳಿಸ್ತದೆ ಮಾಸ್ಟ್ರೇ.”

“ನಂಬಿರೋ ಕಿವುಡರ ಗತಿ?”

ಉಪದೇಶಿಗಳು ಗಹಗಹಿಸಿ ನಕ್ಕುಬಿಟ್ಟರು. ಅಜ್ಜಿಯ ಕಾಫಿಗೋ ತಾತನ ಮಾತಿಗೋ, ದಿನವೂ ಬರತೊಡಗಿದರು. ಬರುವುದು ಒಂದೇ ಸಲ, ಎಲ್ಲರ ಕಣ್ಣಿಗೂ ಕಾಣುವಂತೆ ಅಂತ ತಾತ. ಎರಡು ಸಲ, ಮೊದಲು ತನ್ನವರಿಗಾಗಿ, ಆಮೇಲೆ ತನ್ನವರೊಂದಿಗೆ ಅಂತ ಉಪದೇಶಿಗಳು. ಹುರಿಗಡಲೆ ಖಾಲಿಯಾಗುತ್ತಿತ್ತು, ವಾದ ಖಾಲಿಯಾಗುತ್ತಿರಲಿಲ್ಲ.

ಗಂಡಸರ ಜಗಳ ಹೀಗೆ ಸಿಹಿಯಾಗಿ ನಡೆದಿದ್ದರೆ, ಕಹಿಯಾದದ್ದು ಬೀಸುವ ಕಲ್ಲಿನ ಹತ್ತಿರ. ಒಂದು ಸಂಜೆ ಉಪದೇಶಿಗಳು, ಆ ದಿನ ಇಬ್ಬರು ಹೆಂಗಸರು ಒಟ್ಟಿಗೆ ಬೀಸುತ್ತಿರುತ್ತಾರೆ, ಒಬ್ಬಳನ್ನು ತೆಗೆದುಕೊಂಡು ಒಬ್ಬಳನ್ನು ಬಿಡುತ್ತಾರೆ ಅಂತ ಯೇಸುಸ್ವಾಮಿಯೇ ಬೈಬಲಿನಲ್ಲಿ ಹೇಳಿದ್ದನ್ನು ವಿವರಿಸಿದರಂತೆ. ಮಾರ್ತಮ್ಮಜ್ಜಿ ಕೇಳಿಸಿಕೊಂಡು ಬಂದಳು. ಮಾರನೇ ಬೆಳಿಗ್ಗೆ ಬೀಸಲು ಬರಲಿಲ್ಲ.

ಅಜ್ಜಿ ಗೋಡೆ ತಟ್ಟಿದಳು. “ಮಾರ್ತಾ, ಬರಲ್ವೇನೇ?”

“ಇಲ್ಲ ಕಣಕ್ಕಾ,” ಅಂತ ಗೋಡೆಯಾಚೆಯಿಂದ ದನಿ. “ಇನ್ಮೇಲೆ ಇಬ್ರೂ ಒಂದೇ ಕಲ್ಲಿಗೆ ಕೂರೋದು ಬ್ಯಾಡ.”

“ಯಾಕಂತೆ?”

“ನಿನ್ನೆ ಏನು ಹೇಳಿದ್ರು ಗೊತ್ತಲ್ಲ. ಒಬ್ಳನ್ನ ಎತ್ಕೊಂಡು ಒಬ್ಳನ್ನ ಬುಡ್ತಾರಂತೆ.”

ಅಜ್ಜಿಯ ಮುಖ ಕೆಂಪಾಯಿತು. “ಓಹೋ! ಎತ್ಕೊಳ್ಳೋದು ನಿನ್ನ, ಬುಡೋದು ನನ್ನ ಅಂತ ನೀನೇ ತೀರ್ಮಾನ ಮಾಡ್ಬುಟ್ಟೆ! ಪೆಂಡಾಲಲ್ಲಿ ನಾಕು ದಿನ ಕೂತಿದ್ದಕ್ಕೇ ರೆಕ್ಕೆ ಬಂದ್ಬುಟ್ವಾ ನಿಂಗೆ?”

“ನಾನೆಲ್ಲಕ್ಕಾ ಅಂಗಂದೆ?”

“ಅನ್ನೋದು ಬ್ಯಾರೆ ಬೇಕಾ? ಹೋಗು ಹೋಗು, ಮೋಡದ ಮ್ಯಾಲೆ ಹೋಗೋಳಿಗೆ ನಮ್ಮನೆ ಮದ್ವೆ ಊಟ ಯಾಕೆ?”

ಗೋಡೆಯಾಚೆ ಚೆಂಬು ಕುಕ್ಕಿದ ಸದ್ದಾಯಿತು. ಆಮೇಲೆ, “ನಿನ್ನ ಹೊಸ್ತಿಲು ತುಳಿದ್ರೆ ಕೇಳು,” ಅಂದದ್ದು ಕೇಳಿಸಿತು.

ಆ ಮದುವೆ ನಮ್ಮ ರೂತತ್ತೆಯದು. ಅಪ್ಪನ ಕೊನೆಯ ತಂಗಿ. ಅವಳು ಹುಟ್ಟಿದಾಗ ಅಜ್ಜಿ ಜ್ವರದಲ್ಲಿ ಎಚ್ಚರ ತಪ್ಪಿ ಮಲಗಿದ್ದಳಂತೆ. ಹಾಲು ಕೊಟ್ಟು ಉಳಿಸಿದವಳು ಮಾರ್ತಮ್ಮಜ್ಜಿ. ಹಾಗಾಗಿ ರೂತತ್ತೆಗೆ ಇಬ್ಬರು ಅವ್ವಂದಿರು. ಈಗ ಒಬ್ಬ ಅವ್ವ ಮದುವೆಗೇ ಬರುವುದಿಲ್ಲ ಅನ್ನುತ್ತಿದ್ದಾಳೆ.

“ಅವ್ವಾ, ನೀನೇ ಹೋಗಿ ಕರೀ,” ಅಂತ ರೂತತ್ತೆ ಕಣ್ಣಲ್ಲಿ ನೀರು ತಂದುಕೊಂಡಳು.

“ನಾನ್ಯಾಕೆ ಕರೀಲಿ? ಬುಟ್ಟೋದೋಳು ನಾನಾ, ಅವ್ಳಾ?”

ಅಜ್ಜಿ ಒಬ್ಬಳೇ ಬೀಸತೊಡಗಿದಳು. ಮಿಲ್ಲಿನ ಹಿಟ್ಟು ಅವಳಿಗೆ ಆಗದು. ‘ಬಿಸಿಗೆ ಸತ್ತ ಹಿಟ್ಟು’ ಎನ್ನುತ್ತಿದ್ದಳು. ಮದುವೆಯ ಹಿಂದಿನ ದಿನ ಬೀಗರಿಗೆ ಮುದ್ದೆ, ಕೋಳಿ ಸಾರು ಆಗಬೇಕು. ಮೂಟೆ ರಾಗಿ ಮುಂದಿತ್ತು. ಆಚೆ ಮನೆಯಲ್ಲಿ ಮಾರ್ತಮ್ಮಜ್ಜಿ ಬೇಳೆ ಒಡೆಯುವ ಚಿಕ್ಕ ಕಲ್ಲಿನಲ್ಲಿ ತನ್ನ ಪಾಡಿಗೆ ಬೀಸುವುದು ಕೇಳುತ್ತಿತ್ತು. ಈಚೆ ಗರಗರ, ಆಚೆ ಕಿರಕಿರ. ಎರಡೂ ಕಡೆ ಹಾಡಿಲ್ಲ. ಅಜ್ಜಿ ಒಂದು ಸುತ್ತು ತಿರುಗಿಸಿ ಸುಮ್ಮನೆ ಕೂರುವಳು; ಆಚೆಯ ಕಲ್ಲು ನಿಂತರೆ, “ಕೈ ನೋಯ್ತದೇನೋ ಮುಂಡೇದಕ್ಕೆ,” ಎಂದು ತನ್ನಷ್ಟಕ್ಕೆ ಗೊಣಗುವಳು.

ಮದುವೆಯ ಹಿಂದಿನ ದಿನವೂ ಬಂತು. ಗಂಡಿನ ಕಡೆಯವರು ಸಿರಾದಿಂದ ಸಂಜೆಯ ಬಸ್ಸಿಗೆ ಬರುವವರಿದ್ದರು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಹಿಂದಿನಿಂದ ಕಪ್ಪು ಮೋಡ ಎದ್ದಿತು. ಗಾಳಿ ನಿಂತು, ಹುಣಸೆ ಎಲೆ ಕೂಡ ಅಲ್ಲಾಡದೆ, ಲೋಕವೆಲ್ಲ ಉಸಿರು ಹಿಡಿದಂತಾಯಿತು. ಅಜ್ಜಿ ಅಡಿಗೆಮನೆಯಲ್ಲಿ ಕಜ್ಜಾಯ ಕರಿಯುತ್ತಿದ್ದಳು. ಬೆಲ್ಲ, ಏಲಕ್ಕಿ, ಕಾದ ಎಣ್ಣೆಯ ವಾಸನೆಗೆ ನಾನು ಅಲ್ಲೇ ಅಂಟಿಕೊಂಡು ಕೂತಿದ್ದೆ.

ಆಗ ಕೇಳಿಸಿತು. ಕೆರೆಯ ಕಡೆಯಿಂದ, ಉದ್ದಕ್ಕೆ, ಒಂದೇ ಸ್ವರದಲ್ಲಿ, ತುತ್ತೂರಿ.

ಪರಂಗಿ ದಂಟಿನದಲ್ಲ. ನಿಜವಾದ ತುತ್ತೂರಿ.

ಅಜ್ಜಿಯ ಕೈಯ ಜಾಲರಿ ಅಲ್ಲೇ ನಿಂತಿತು. ಆಚೆ ಮನೆಯ ಕಿರಕಿರವೂ ನಿಂತಿತು. ಮರುಗಳಿಗೆ ನಮ್ಮ ಬಾಗಿಲು ದಢಾರನೆ ತೆರೆಯಿತು. ಮಾರ್ತಮ್ಮಜ್ಜಿ! ಮೊಣಕೈವರೆಗೂ ಹಿಟ್ಟು, ಸೆರಗು ನೆಲದ ಮೇಲೆ. ಹೊಸ್ತಿಲು ತುಳಿದಳೋ ಹಾರಿದಳೋ ನಾನು ಕಾಣೆ. ನೇರ ಬಂದವಳೇ ಅಜ್ಜಿಯ ಕೈ ಹಿಡಿದು ಎಳೆದಳು.

“ಎಸ್ತೇರಕ್ಕಾ, ಬಾರಕ್ಕೋ! ಊದ್ಬುಟ್ರು! ನನ್ನ ಕೈ ಬುಡಬ್ಯಾಡ, ಗಟ್ಟಿಯಾಗಿ ಹಿಡ್ಕೊ!”

“ಅಯ್ಯೋ, ನಾನು ಉಳಿಯೋಳಲ್ವೇನೇ?”

“ಯಾರಕ್ಕಾ ಅಂದೋರು ಅಂಗೆ! ಒಂದೇ ಕಲ್ಲಿಗೆ ಕೂತ್ರೆ ತಾನೆ ಒಬ್ಳನ್ನ ಬುಡೋದು? ಬ್ಯಾರೆ ಬ್ಯಾರೆ ಬೀಸ್ತಿದ್ರೆ ಇಬ್ರನ್ನೂ ಎತ್ಕೋತಾನೆ ಅಂತ ಅಲ್ವೇನಕ್ಕಾ ನಾನು ಬರದೆ ಕೂತಿದ್ದು!”

ಅಜ್ಜಿ ಜಾಲರಿ ಕೆಳಗಿಟ್ಟಳು. ಮಾರ್ತಮ್ಮಜ್ಜಿಯ ಮುಖ ನೋಡಿದಳು, ಕಿಟಕಿಯಾಚೆ ಕಪ್ಪು ಮೋಡ ನೋಡಿದಳು. ಆಮೇಲೆ ಅಂದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ:

“ಒಂಚೂರು ಇರೇ, ಒಲೆ ಆರಿಸಿ ಬತ್ತೀನಿ.”

ಅಷ್ಟರಲ್ಲಿ ಬೀದಿಯಲ್ಲಿ ಹುಡುಗರ ಕೂಗು: “ಗಂಡಿನ ಕಡೆಯೋರು ಬಂದ್ರೂ! ಲಾರೀಲಿ ಬಂದವ್ರೇ! ಬ್ಯಾಂಡ್ ಸೆಟ್ ತಂದವ್ರೇ!” ಬಸ್ಸು ಕಾಯದೆ ಯಾವುದೋ ಕಡಲೆಕಾಯಿ ಲಾರಿ ಹತ್ತಿ ಬಂದುಬಿಟ್ಟಿದ್ದರು. ಸಿರಾದ ಬ್ಯಾಂಡಿನವರನ್ನು ಕರೆತರುವುದನ್ನು ನಮಗೆ ಹೇಳಿಯೇ ಇರಲಿಲ್ಲ. ಏರಿಯ ಮೇಲೆ ಇಳಿದು, ಎದುರುಗೊಳ್ಳಲು ಹೆಣ್ಣಿನ ಕಡೆಯವರು ಬರಲಿ ಅಂತ ಕಾಯುತ್ತ, ಬ್ಯಾಂಡಿನವರಲ್ಲಿ ಒಬ್ಬ ಸಾಬರು ತುತ್ತೂರಿ ಊದಿ ನೋಡಿದ್ದರು.

ಇಬ್ಬರು ಮುದುಕಿಯರೂ ಒಬ್ಬರ ಮುಖ ಒಬ್ಬರು ನೋಡಿ, ಮೊದಲು ಅತ್ತರೋ ಮೊದಲು ನಕ್ಕರೋ ಹೇಳಲಾರೆ. ಎರಡೂ ಒಟ್ಟಿಗೇ ಆಯಿತು. “ಬೀಗರು ಬಂದ್ಬುಟ್ರು, ಪಾನಕಾನೇ ಕದಡಿಲ್ವಲ್ಲೇ!” ಅಂತ ಅಜ್ಜಿ, “ನೀನು ನಿಂಬೆಹಣ್ಣು ಹಿಂಡು, ನಾನು ಬೆಲ್ಲ ಕುಟ್ತೀನಿ,” ಅಂತ ಮಾರ್ತಮ್ಮಜ್ಜಿ. ಕೋಣೆಯಿಂದ ಓಡಿಬಂದ ರೂತತ್ತೆ ಇಬ್ಬರನ್ನೂ ಸೇರಿಸಿ ತಬ್ಬಿಕೊಂಡಳು. ಮದುವಣಗಿತ್ತಿಯ ಹೊಸ ಸೀರೆಯ ಬೆನ್ನ ಮೇಲೆ ರಾಗಿಹಿಟ್ಟಿನ ಎರಡು ಕೈ ಮೂಡಿದವು.

ಪಾನಕದ ಕೊಡ ಹೊತ್ತು ನಾವೆಲ್ಲ ಏರಿಗೆ ಹೋದರೆ, ನಮಗಿಂತ ಮುಂಚೆ ಉಪದೇಶಿಗಳು ಅಲ್ಲಿದ್ದರು! ಪೆಂಡಾಲಿನಿಂದ ಓಡಿ ಬಂದದ್ದಕ್ಕೆ ಇನ್ನೂ ಏದುಸಿರು. ಒಂದು ಕಾಲಿಗೆ ಮಾತ್ರ ಚಪ್ಪಲಿ.

“ಏನು ಉಪದೇಶಿಗಳೇ, ನಿಮಗೂ ಕೇಳಿಸ್ತಾ?” ಅಂದರು ತಾತ.

“ಸಿದ್ಧಂಗಾ ಉಂಡಾಲಿ ಕದಾ ಮಾಸ್ಟ್ರೇ!” ಅಂತ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಮಾರ್ತಮ್ಮಜ್ಜಿ ತುತ್ತೂರಿಯ ಸಾಬರಿಗೆ ಮೊದಲ ಲೋಟ ಕೊಟ್ಟು, “ನನ್ನ ಎದೆ ಒಡೆದುಬುಟ್ಯಲ್ಲಪ್ಪಾ,” ಅಂತ ನಡೆದದ್ದನ್ನು ಹೇಳಿದಳು. ಅವರು ಮೀಸೆಯ ಪಾನಕ ಒರೆಸಿಕೊಂಡು, “ತೋಬಾ ತೋಬಾ! ಆ ತುತ್ತೂರಿಗೆ ಬೇರೆ ಫರಿಷ್ತೆ ಅವ್ರೆ ಅಮ್ಮಾ, ದೇವದೂತ. ನಂದು ಬರೀ ಶಾದಿಗೆ. ಈಸಾ ನಬಿ, ನಿಮ್ಮ ಯೇಸುಸ್ವಾಮಿ, ಬರೋದು ಮಾತ್ರ ನಮಗೂ ಐತೆ,” ಎಂದರು.

ಬ್ಯಾಂಡು ಮುಂದೆ, ಮದುಮಗ ಹಿಂದೆ, ಎಲ್ಲರೂ ಊರ ಕಡೆ ಹೊರಟೆವು. ಉಪದೇಶಿಗಳು ತಾತನ ಪಕ್ಕಕ್ಕೆ ಬಂದು, “ನೋಡಿ ಮಾಸ್ಟ್ರೇ, ಆ ದಿನವೂ ಹೀಗೇ, ನಾವು ಹೋಗಿ ಎದುರುಗೊಳ್ತೀವಿ,” ಅಂದರು.

ತಾತ ನಿಂತುಬಿಟ್ಟರು. “ಎದುರುಗೊಂಡು? ಏರಿ ಮೇಲೇ ಮದುವೆ ಮಾಡಿದ್ವಾ? ಕರ್ಕೊಂಡು ಊರಿಗೆ ತಾನೆ ಬರ್ತಿರೋದು! ಸ್ವಾಮಿ ಬರೋದೂ ಹಂಗೇ. ಇಳಿದು ನಮ್ಮೂರಿಗೇ ಬರ್ತಾನೆ.”

ಉಪದೇಶಿಗಳು ತಲೆದೂಗಿದರು. ಆಮೇಲೆ ಕಣ್ಣು ಮಿಟುಕಿಸಿ, “ಮದುವೆ ಆದ್ಮೇಲೆ ಹುಡುಗಿ ಗಂಡನ ಮನೆಗೆ ಹೋಗಲ್ವಾ ಮಾಸ್ಟ್ರೇ?” ಅಂದರು. ತಾತ ಬಾಯಿ ತೆರೆದರು. ದಪ್ಪ ಹನಿ ಬಿದ್ದವು. ವಾದ ಅಲ್ಲಿಗೆ ಬಿಟ್ಟು ಎಲ್ಲರೂ ಓಡಿದೆವು.

ಆ ಸಂಜೆ ಮಳೆಯ ಸದ್ದಿನಲ್ಲಿ ಇಬ್ಬರೂ ಒಂದೇ ಕಲ್ಲಿಗೆ ಕೂತು ಉಳಿದ ರಾಗಿ ಬೀಸಿದರು. ಹಾಡು ಮೂರು ಮನೆ ಆಚೆಗೂ ಕೇಳಿಸಿತು.

ಮುಂದೆ ಎಷ್ಟೋ ವರ್ಷಕ್ಕೆ ಒಬ್ಬಳನ್ನು ತೆಗೆದುಕೊಂಡು ಒಬ್ಬಳನ್ನು ಬಿಟ್ಟ ದಿನವೂ ಬಂತು. ಮೊದಲು ಹೋದವಳು ಮಾರ್ತಮ್ಮಜ್ಜಿ. ಅಜ್ಜಿ ಬಹಳ ಅಳಲಿಲ್ಲ. “ಏರಿ ಮ್ಯಾಲೆ ನಿಂತಿರ್ತಾಳೆ ಬುಡು, ನನ್ನ ಎದುರುಗೊಳ್ಳಾಕೆ,” ಅಂದಳು. ಆಮೇಲೆ ಒಬ್ಬಳೇ ಬೀಸುವಾಗಲೂ ಗೂಟದ ಕೆಳಗಡೆಯೇ ಹಿಡಿಯುತ್ತಿದ್ದಳು, ಮೇಲೆ ಒಂದು ಕೈಗೆ ಜಾಗ ಬಿಟ್ಟು.

ಈಗ ಬೀಗರು ಕಾರಿನಲ್ಲಿ ನೇರ ಕಲ್ಯಾಣ ಮಂಟಪದ ಬಾಗಿಲಿಗೇ ಬಂದಿಳಿಯುತ್ತಾರೆ. ಏರಿಯ ಮೇಲೆ ಕಾಯುವವರಿಲ್ಲ, ಪಾನಕದ ಕೊಡ ಹೊತ್ತು ಹೋಗುವವರೂ ಇಲ್ಲ. ಸ್ವಾಮಿ ಬರುವುದರ ವಾದ ನಿಂತಿಲ್ಲ. ನಮ್ಮ ಸಂಬಂಧಿಕರು ಫೋನಿನಲ್ಲಿ ನಡೆಸುತ್ತಾರೆ, ಸಿಟ್ಟು ಬಂದರೆ ಗುಂಪು ಬಿಟ್ಟು ಹೋಗುತ್ತಾರೆ. ಗೋಡೆ ತಟ್ಟಿದರೆ ಓಗೊಡುವವರೂ ಇಲ್ಲ. ನನ್ನ ಅಡಿಗೆಮನೆಯ ಮಿಕ್ಸಿಗೆ ಒಂದು ಬೆರಳು ಸಾಕು. ಇನ್ನೊಂದು ಕೈಗೆ ಅದರಲ್ಲಿ ಜಾಗವಿಲ್ಲ.