ಬಾದ್‌ಶಾಹನ ಒಂದು ನೆಗೆತ

ಅಂಥ ನಿಯಮ ಇತ್ತು ಜುಬೇದಾ. ನನಗೆ ಗೊತ್ತಿತ್ತು. ಗೊತ್ತಿದ್ದೂ ಇಲ್ಲವೆಂದೆ — ಟೀಚರ್ ಎದುರು, ನಿನ್ನ ಎದುರು, ಕಣ್ಣು ಕೂಡ ಮಿಟುಕಿಸದೆ. ತಲೆ ನರೆತ ಮೇಲೆ ಬಾಯಿ ಬಿಡುತ್ತಿದ್ದೇನೆ. ನನ್ನ ಧೈರ್ಯ ಯಾವತ್ತೂ ಅಷ್ಟೇ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವಂಥದ್ದು.

ಶಾಲೆ ಬಿಟ್ಟೊಡನೆ ಹಲಸೂರಿನ ಬಸ್ಸು ಹಿಡಿಯಬೇಕಾದವಳು ನಾನು. ಹಿಡಿಯುತ್ತಿದ್ದೆನೇ? ಶಿವಾಜಿನಗರದಲ್ಲಿ ನಿಮ್ಮ ಬಟ್ಟೆ ಅಂಗಡಿಯ ಮೇಲಿನ ಮನೆಗೆ ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಅಲ್ಲಿ ನಿನ್ನ ಅಜ್ಜಿ, ನಮ್ಮಿಬ್ಬರಿಗೂ ನಾನಿ, ಚಾಪೆಯ ಮೇಲೆ ಚದುರಂಗದ ಹಾಸು ಬಿಡಿಸಿಕೊಂಡು ಕಾಯುತ್ತಿದ್ದರು. ಅಂಗಡಿಯಲ್ಲಿ ಉಳಿದ ಕೆಂಪು, ಹಸಿರು ಲೈನಿಂಗ್ ತುಂಡುಗಳನ್ನು ಸೇರಿಸಿ ಅವರೇ ಹೊಲಿದದ್ದು. ಈಗಲೂ ಎಲ್ಲಾದರೂ ಹೊಸ ಬಟ್ಟೆಯ ಗಂಜಿ ವಾಸನೆ ಬಂದರೆ ನನ್ನ ಕೈ ಕುದುರೆಯ ಕಾಯಿ ಹುಡುಕುತ್ತದೆ.

"ಯೇ ಖೇಲ್ ಯಹೀಂಚ್ ಪೈದಾ ಹುವಾ ಬೇಟಾ," ಎನ್ನುತ್ತಿದ್ದರು ನಾನಿ. ಈ ಆಟ ಹುಟ್ಟಿದ್ದು ಇಲ್ಲೇ ಮಗಳೇ, ಎಂದು. ಆನೆ, ಕುದುರೆ, ರಥ, ಕಾಲಾಳು — ನಾಲ್ಕು ಅಂಗದ ಸೈನ್ಯ, ಅದಕ್ಕೇ ಚತುರಂಗ. ಇಲ್ಲಿಂದ ಇರಾನಿಗೆ ಹೋಗಿ ಶತರಂಜ್ ಆಯಿತು, ಅಲ್ಲಿಂದ ಸಮುದ್ರ ದಾಟಿ ಇಂಗ್ಲಿಷರ ಕೈಗೆ ಸಿಕ್ಕಿತು. ದೂರದೂರಿಗೆ ಮದುವೆಯಾಗಿ ಹೋದ ಮಗಳು ತವರಿಗೆ ಬಂದು ನಮಗೇ ಹೊಸ ರೀತಿ ರಿವಾಜು ಹೇಳಿಕೊಡುತ್ತಾಳಲ್ಲ, ಹಾಗೆ ಎಂದು ನಗುತ್ತಿದ್ದರು.

ಆ ಮನೆಯಲ್ಲಿ ಮಾತ್ರ ಹಳೆಯ ರಿವಾಜೇ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ನಡೆಯಬೇಕು. ರಾಜನೂ ಆನೆಯೂ ಜಾಗ ಬದಲಿಸಿಕೊಳ್ಳುವ ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜ ಒಂದು ಸಲ, ಇಡೀ ಆಟಕ್ಕೆ ಒಂದೇ ಸಲ, ಕುದುರೆಯ ಹಾಗೆ ನೆಗೆಯಬಹುದು. ಆದರೆ ಅಷ್ಟರೊಳಗೆ ಎದುರಾಳಿ ಒಂದು ಚೆಕ್ ಕೊಟ್ಟರೆ ಆ ಹಕ್ಕು ಹೋಯಿತು. ಬಾದ್‌ಶಾಹನಿಗೂ ಒಂದು ಸಲ ತಪ್ಪಿಸಿಕೊಂಡು ಓಡುವ ಹಕ್ಕು ಬೇಡವಾ ಎಂದು ಕೇಳುತ್ತಿದ್ದರು ನಾನಿ.

ನೀನು ಆ ನೆಗೆತವನ್ನು ಕೊನೆಯವರೆಗೂ ಮಡಿಲಲ್ಲಿ ಬಚ್ಚಿಟ್ಟುಕೊಂಡು ಆಡುತ್ತಿದ್ದೆ. ನಾನು ಒಂದು ಆಟವನ್ನೂ ಗೆದ್ದಿರಲಿಲ್ಲ. ನಾನಿ ನಿನ್ನ ತಲೆ ಸವರಿ, ಆಮೇಲೆ ಕನಿಕರಕ್ಕೆಂಬಂತೆ ನನ್ನ ತಲೆಯನ್ನೂ ಸವರುತ್ತಿದ್ದರು. ಆ ಎರಡನೆಯ ಸವರುವಿಕೆ — ಅದು ನನ್ನನ್ನು ಸುಡುತ್ತಿತ್ತು.

ಶಾಲೆಯಿಂದ ಪಂದ್ಯಕ್ಕೆ ಒಬ್ಬಳನ್ನು ಕಳಿಸಬೇಕಾಗಿ ಬಂತು. ಆಟ ಬಲ್ಲವರು ನಾವಿಬ್ಬರೇ. ಟೀಚರ್ ಪಂದ್ಯದ ನಿಯಮ ಹೇಳಿಕೊಟ್ಟ ದಿನ ನೀನು ಮಾವನ ಮಗಳ ಮದುವೆಗೆ ಹೋಗಿದ್ದೆ. ಕಾಲಾಳು ಮೊದಲು ಎರಡು ಮನೆ ಹೋಗಬಹುದು, ಕ್ಯಾಸ್ಲಿಂಗ್ ಇದೆ, ರಾಜನಿಗೆ ನೆಗೆತವಿಲ್ಲ, ಮುಟ್ಟಿದ ಕಾಯಿಯನ್ನೇ ನಡೆಸಬೇಕು. "ಜುಬೇದಾಗೂ ಹೇಳ್ಬಿಡಮ್ಮ, ಮರೀಬೇಡ," ಎಂದರು. ಮರೆಯಲಿಲ್ಲ. ಹೇಳಲಿಲ್ಲ, ಅಷ್ಟೇ.

ಯಾರು ಹೋಗುವುದೆಂದು ತೀರ್ಮಾನಿಸಲು ನಾವಿಬ್ಬರೂ ಎದುರುಬದುರು ಕೂತ ದಿನ ನಾನು ಆಡಿದ ರೀತಿ ನೆನೆದರೆ ಈಗಲೂ ಮೈ ಮುದುಡುತ್ತದೆ. ನಿನಗೆ ಅನುಮಾನ ಬರಬಾರದೆಂದು ಕಾಲಾಳುಗಳನ್ನು ಒಂದೊಂದೇ ಮನೆ ನಡೆಸಿದೆ. ಕ್ಯಾಸ್ಲಿಂಗ್ ಮಾಡಲಿಲ್ಲ. ನಿನ್ನ ರಾಜನಿಗೆ ಚೆಕ್ ಕೊಡುವ ಅವಕಾಶ ಕಣ್ಣೆದುರೇ ಇತ್ತು, ಬೇಕೆಂದೇ ಬಿಟ್ಟೆ. ನೆಗೆತ ಇನ್ನೂ ನಿನ್ನ ಕೈಯಲ್ಲಿದೆ ಎಂದು ನೀನು ನಂಬಬೇಕಿತ್ತು. ಪೆದ್ದಿ, ಮತ್ತೆ ಮರೆತಳು ಎಂಬಂತೆ ನೀನು ನನ್ನತ್ತ ನೋಡಿ ನಕ್ಕೆ. ಎಷ್ಟು ಪ್ರೀತಿ ಇತ್ತು ಆ ನಗುವಿನಲ್ಲಿ —

ನಿನ್ನ ರಾಜನ ಸುತ್ತ ನನ್ನ ಕಾಯಿಗಳು ಮುತ್ತಿದವು. ನೀನು ಹೆದರಲಿಲ್ಲ. ರಾಜನನ್ನು ಎತ್ತಿ, ಕುದುರೆಯ ಹಾಗೆ ನೆಗೆಸಿ, ಕೂರಿಸಿದೆ.

"ಮಿಸ್, ರಾಂಗ್ ಮೂವ್," ಎಂದೆ ನಾನು.

"ಇಲ್ಲ ಮಿಸ್, ನಾನಿ ಮನೇಲಿ ನಾವು ಹಿಂಗೇ ಆಡೋದು. ಸರೂನ ಕೇಳಿ, ಅವಳಿಗೂ ಗೊತ್ತು."

ಟೀಚರ್ ನನ್ನತ್ತ ತಿರುಗಿದರು. "ಏನೇ ಸರೋಜಾ, ಹೊಸ ರೂಲ್ ಹೇಳಿರ್ಲಿಲ್ವಾ ಇವಳಿಗೆ?"

"ಹೇಳಿದ್ದೆ ಮಿಸ್. ಇವಳು ಹೇಳೋ ಅಂಥ ರೂಲೇ ಇಲ್ಲ. ನಾನು ಕೇಳೇ ಇಲ್ಲ."

ನೀನು ಜಗಳವಾಡಲಿಲ್ಲ. ಆಡಿದ್ದರೆ ಎಷ್ಟು ಚೆನ್ನಾಗಿತ್ತು! ಮುಟ್ಟಿದ ರಾಜನನ್ನು ಉಳಿದಿದ್ದ ಒಂದೇ ಮನೆಗೆ ನಡೆಸಿದೆ, ನಾನು ಮಂತ್ರಿಯನ್ನು ತಂದಿಟ್ಟೆ, ಆಟ ಮುಗಿಯಿತು. ನಾನು ಗೆದ್ದ ಮೊದಲ ಆಟ. ನಿನ್ನ ಜೊತೆ ಆಡಿದ ಕೊನೆಯ ಆಟವೂ ಅದೇ.

ಸರೂ ಯಾಕೆ ಬರುತ್ತಿಲ್ಲ ಎಂದು ನಾನಿ ಅಂಗಡಿಯ ಹುಡುಗಿಯ ಕೈಲಿ ಹೇಳಿ ಕಳಿಸಿದ್ದರು. ಅಂದರೆ ನೀನು ಅವರಿಗೆ ಏನೂ ಹೇಳಿರಲಿಲ್ಲ. ಪರೀಕ್ಷೆ ಇದೆ ಎಂದು ನಾನು ಹೇಳಿಕಳಿಸಿದೆ. ಆ ಪರೀಕ್ಷೆ ಮುಗಿಯಲೇ ಇಲ್ಲ. ನಾನಿ ಹೋದ ಸುದ್ದಿಯೂ ನನಗೆ ಬಹಳ ತಡವಾಗಿ, ಬೇರೆ ಯಾರಿಂದಲೋ ಗೊತ್ತಾಯಿತು. ಆಮೇಲೆ ಮದುವೆಯಾಗಿ ಸಿ.ವಿ. ರಾಮನ್ ನಗರಕ್ಕೆ ಬಂದೆ. ಗಂಡನ ಜೊತೆ ಆಡಿದೆ, ಮಕ್ಕಳ ಜೊತೆ ಆಡಿದೆ, ಮೊಬೈಲಿನಲ್ಲೂ ಆಡಿದೆ. ಎದುರಿಗೆ ನೀನಿಲ್ಲದ ಆಟ ನನಗೆ ಇವತ್ತಿಗೂ ಸಪ್ಪೆ.

ಹೋದ ತಿಂಗಳು ಸೊಸೆಯ ರವಿಕೆಗೆ ಲೈನಿಂಗ್ ಬಟ್ಟೆ ಬೇಕೆಂಬ ನೆಪ ಮಾಡಿಕೊಂಡು ನಿಮ್ಮ ಅಂಗಡಿಗೆ ಬಂದಿದ್ದೆ. ನೆಪವೇ, ಸುಳ್ಳೇಕೆ; ನಮ್ಮ ಬೀದಿಯಲ್ಲೇ ಸಿಗುತ್ತದೆ. ಬಟ್ಟೆಯ ಥಾನುಗಳ ಹಿಂದೆ ನೀನು ಕೂತಿದ್ದೆ, ಎದುರಿಗೆ ನಿನ್ನ ಮೊಮ್ಮಗಳು, ನಡುವೆ ಅದೇ ಕೆಂಪು–ಹಸಿರು ಹಾಸು. ಹುಡುಗಿಯ ರಾಜ ಸಿಕ್ಕಿಬಿದ್ದಿದ್ದ. ಬಾದ್‌ಶಾಹ ಕುದುರೆಯ ಹಾಗೆ ಎಗರಬಹುದಾ ನಾನಿ ಎಂದು ನಿನ್ನನ್ನು ಕೇಳಿತು, ತನ್ನಷ್ಟಕ್ಕೆ ತಾನೇ ಹೊಳೆದು.

"ನೈ ಬೇಟಾ," ಎಂದೆ ನೀನು. "ವೈಸಾ ರೂಲ್‌ಚ್ ನೈ."

ಅಂಥ ರೂಲೇ ಇಲ್ಲ. ನನ್ನ ಮಾತು, ನಿನ್ನ ಬಾಯಲ್ಲಿ. ಬಟ್ಟೆ ಕೇಳದೆ ಓಡಿ ಬಂದೆ.

ಬರುವ ಭಾನುವಾರ ಮತ್ತೆ ಬರುತ್ತೇನೆ ಜುಬೇದಾ, ನೆಪವಿಲ್ಲದೆ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ಎದ್ದು ಹೋಗು ಎಂದರೆ ಹೋಗುತ್ತೇನೆ, ಆದರೆ ಆ ಹುಡುಗಿಗೆ ಒಂದು ಮಾತು ಹೇಳಿದ ಮೇಲೆ. ಅಂಥ ರೂಲ್ ಇತ್ತು ಮಗಳೇ. ನಿನ್ನ ನಾನಿಯ ನಾನಿ ನಮ್ಮಿಬ್ಬರಿಗೂ ಕಲಿಸಿದ್ದು. ಇಲ್ಲ ಅಂತ ಸುಳ್ಳು ಹೇಳಿದವಳು ನಾನು.